ಕುಲಾಂತರಿ ಆಹಾರ ಮತ್ತು ಉಣ್ಣುವವರ ಒಪ್ಪಿಗೆ

(ಮಾರ್ಟಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಕುಲಾಂತರಿ ಆಹಾರದ ಚರ್ಚೆ ನಮ್ಮ ರಾಜ್ಯದಲ್ಲಿ ಬಹುಪಾಲು ಬೆಂಗಳೂರಿನ, ಧಾರವಾಡದ ಸಭಾಂಗಣಗಳಲ್ಲೇ ನಡೆದಿದೆ. ಮಲೆ ಮಾದಪ್ಪನ ಬೆಟ್ಟದ ಸೆರಗಿನಲ್ಲಿ, ಮಳೆ ನಂಬಿ ರಾಗಿ, ಹುರುಳಿ, ಮುಸುಕಿನ ಜೋಳ ಬಿತ್ತುವ, ಕನ್ನಡವನ್ನೂ ತಮಿಳನ್ನೂ ಮಾತನಾಡುವ ಈ ಊರಿನಲ್ಲಿ ಅದೇ ಮಾತನ್ನು ಆಡುವ ಅವಕಾಶ ಸಿಕ್ಕಿರುವುದು ನನಗೆ ಸಂತೋಷ ತಂದಿದೆ. ಬೆಳೆಯುವವರೂ ಉಣ್ಣುವವರೂ ಇಲ್ಲಿ ಒಬ್ಬರೇ. ಹಾಗಾಗಿ ಈ ವಿಷಯದಲ್ಲಿ ಯಾರ ಒಪ್ಪಿಗೆ ಕೇಳಬೇಕಿತ್ತೋ ಅವರ ಮುಂದೆಯೇ ನಿಂತಿದ್ದೇನೆ ಎಂದು ಭಾವಿಸುತ್ತೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಕುಲಾಂತರಿ ಆಹಾರ ಬೆಳೆಗಳನ್ನು ವಿರೋಧಿಸುವವನು. ಅವು ಒಮ್ಮೆ ಹೊಲಕ್ಕೆ ಬಂದರೆ ವಾಪಸು ಕಳುಹಿಸುವ ದಾರಿ ಇಲ್ಲ. ಹೀಗೆ ವಾಪಸಾಗದ ವಸ್ತುವನ್ನು ತರುವ ಮುನ್ನ ಬೆಳೆಯುವವರನ್ನೂ ಉಣ್ಣುವವರನ್ನೂ ಕೇಳಲೇಬೇಕು. ಇದುವರೆಗೆ ಸರಿಯಾಗಿ ಕೇಳಿಲ್ಲ. ನನ್ನ ವಾದವೆಲ್ಲ ಇಷ್ಟೇ. ಇದನ್ನು ತಟ್ಟೆ, ಹುಳು, ಹೊಲ, ಬೀಜ ಈ ನಾಲ್ಕರ ಮೂಲಕ ವಿವರಿಸುತ್ತೇನೆ. ಹೊಲದ ಮಾತಿಗೆ ಹೆಚ್ಚು ಹೊತ್ತು ಹಿಡಿದರೆ ಸಹಿಸಿಕೊಳ್ಳಬೇಕು.

ಅದಕ್ಕೂ ಮುಂಚೆ ಒಂದು ಗೊಂದಲ ಬಿಡಿಸೋಣ. ಹೈಬ್ರಿಡ್ ಬೇರೆ, ಕುಲಾಂತರಿ ಬೇರೆ. ನೀವು ಅಂಗಡಿಯಿಂದ ತಂದು ಬಿತ್ತುವ ಮುಸುಕಿನ ಜೋಳ ಹೈಬ್ರಿಡ್. ಜೋಳಕ್ಕೆ ಜೋಳವನ್ನೇ ಕೂಡಿಸಿ ಮಾಡಿದ್ದು. ಕುಲಾಂತರಿಯಲ್ಲಿ ಸಂಬಂಧವೇ ಇಲ್ಲದ ಜೀವಿಯ ಜೀನನ್ನು ಪ್ರಯೋಗಾಲಯದಲ್ಲಿ ಗಿಡದೊಳಕ್ಕೆ ಸೇರಿಸುತ್ತಾರೆ. ಬಿಟಿ ಎಂಬ ಎರಡಕ್ಷರ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ, ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದ ಹೆಸರಿನಿಂದ ಬಂದದ್ದು. ಅದು ತಯಾರಿಸುವ ಪ್ರೋಟೀನು ಕೆಲವು ಜಾತಿಯ ಹುಳುಗಳ ಕರುಳನ್ನು ತೂತು ಮಾಡುತ್ತದೆ. ಆ ಪ್ರೋಟೀನಿನ ಜೀನನ್ನು ಹತ್ತಿಗೆ ಸೇರಿಸಿದರೆ ಬಿಟಿ ಹತ್ತಿ, ಬದನೆಗೆ ಸೇರಿಸಿದರೆ ಬಿಟಿ ಬದನೆ. ಸಾವಯವ ರೈತರೂ ಬಿಟಿ ಪುಡಿ ಸಿಂಪಡಿಸುತ್ತಾರಲ್ಲ ಎಂದು ಕೆಲವರು ಕೇಳುತ್ತಾರೆ. ಹೌದು, ಆದರೆ ಸಿಂಪಡಿಸಿದ್ದು ಕೆಲವು ದಿನಗಳಲ್ಲಿ ಬಿಸಿಲಿಗೆ, ಮಳೆಗೆ ಹೋಗುತ್ತದೆ. ಗಿಡದೊಳಗೆ ಕೂತದ್ದು ಬೆಳೆ ಮುಗಿಯುವ ತನಕ ಇರುತ್ತದೆ, ನಾವು ತಿನ್ನುವ ಕಾಯಿಯಲ್ಲೂ ಇರುತ್ತದೆ.

ಈಗ ಮೊದಲನೆಯದಾಗಿ ತಟ್ಟೆಯ ವಿಚಾರ.

ಕುಲಾಂತರಿ ತಿಂದರೆ ನಾಳೆಯೇ ಕಾಯಿಲೆ ಬರುತ್ತದೆ ಎಂದು ಹೆದರಿಸುವವರ ಸಾಲಿನಲ್ಲಿ ನಾನಿಲ್ಲ. ಈಗ ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರ ಸಾಂಪ್ರದಾಯಿಕ ಆಹಾರಕ್ಕಿಂತ ಆರೋಗ್ಯಕ್ಕೆ ಹೆಚ್ಚು ಅಪಾಯಕಾರಿ ಎನ್ನಲು ಪುರಾವೆ ಕಾಣಲಿಲ್ಲ ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ವರದಿ ಕೊಟ್ಟಿವೆ. ವಿರೋಧಿಸುವವರು ಅದನ್ನು ಮುಚ್ಚಿಡಬಾರದು. ಆದರೆ ಆ ವರದಿಯೂ ಅಪಾಯ ತರಬಹುದಾದ ಹೊಸ ಗುಣವಿರುವ ತಳಿಗಳನ್ನು ಪರೀಕ್ಷಿಸಬೇಕು ಎನ್ನುತ್ತದೆ. ಏಕೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಸೋಯಾ ಅವರೆಯ ಪೌಷ್ಟಿಕತೆ ಹೆಚ್ಚಿಸಲು ಬ್ರೆಜಿಲ್ ನಟ್ ಎಂಬ ಕಾಯಿಯ ಜೀನನ್ನು ಅದಕ್ಕೆ ಸೇರಿಸಿದ್ದರು. ಆ ಕಾಯಿ ಒಗ್ಗದವರಿಗೆ ಈ ಸೋಯಾ ಕೂಡ ಒಗ್ಗುವುದಿಲ್ಲ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಯೋಜನೆ ನಿಂತಿತು, 1996ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಜೀನಿನ ಜೊತೆಗೆ ಅಲರ್ಜಿಯೂ ಸಾಗಬಲ್ಲದು ಎಂಬುದು ಅಲ್ಲಿಗೆ ಖಚಿತವಾಯಿತು. ಪರೀಕ್ಷೆ ನಡೆದದ್ದರಿಂದ ಜನ ಉಳಿದರು.

ಪರೀಕ್ಷೆ ಮಾಡುವವರು ಯಾರು? ನಮ್ಮ ದೇಶದಲ್ಲಿ ಬಿಟಿ ಬದನೆಯ ಸುರಕ್ಷತೆಯ ಮಾಹಿತಿಯನ್ನು ಒದಗಿಸಿದ್ದು ಅದನ್ನು ಮಾರಲು ಹೊರಟಿದ್ದ ಕಂಪನಿಯೇ. ಆ ಕಡತಗಳು ಜನರಿಗೆ ನೋಡಲು ಸಿಕ್ಕಿದ್ದು ಸುಪ್ರೀಂ ಕೋರ್ಟು ಹೇಳಿದ ಮೇಲೆ. ಉಣ್ಣುವ ಪದಾರ್ಥದ ಪರೀಕ್ಷೆಯ ಕಾಗದ ನೋಡಲು ಕೋರ್ಟಿನ ಮೆಟ್ಟಿಲು ಹತ್ತಬೇಕಾದ ವ್ಯವಸ್ಥೆಯನ್ನು ನಾನು ನಂಬಲಾರೆ.

ಇನ್ನೊಂದು ಘಟನೆ 2000ನೇ ಇಸವಿಯದು. ಅಮೆರಿಕದಲ್ಲಿ ಸ್ಟಾರ್‌ಲಿಂಕ್ ಎಂಬ ಕುಲಾಂತರಿ ಮುಸುಕಿನ ಜೋಳಕ್ಕೆ ದನದ ಮೇವಿಗೆ ಮಾತ್ರ ಒಪ್ಪಿಗೆ ಇತ್ತು. ಅಲರ್ಜಿಯ ಸಂಶಯವಿದ್ದುದರಿಂದ ಮನುಷ್ಯರ ಊಟಕ್ಕೆ ಕೊಟ್ಟಿರಲಿಲ್ಲ. ಆ ದೇಶದ ಜೋಳದ ನೆಲದಲ್ಲಿ ಶೇಕಡಾ ಒಂದಕ್ಕೂ ಕಡಿಮೆ ಭಾಗದಲ್ಲಿ ಅದನ್ನು ಬಿತ್ತಿದ್ದರು. ಆದರೂ ಅದು ಅಂಗಡಿಯ ತಿನಿಸುಗಳಲ್ಲಿ ಸಿಕ್ಕಿತು, ನೂರಾರು ಪದಾರ್ಥಗಳನ್ನು ವಾಪಸು ತರಿಸಬೇಕಾಯಿತು. ದೊಡ್ಡ ದೊಡ್ಡ ಗೋದಾಮು, ಲೆಕ್ಕಪತ್ರ, ತಪಾಸಣೆ ಎಲ್ಲ ಇದ್ದ ದೇಶದಲ್ಲಿ ಹೀಗಾಯಿತು. ಹನೂರಿನಿಂದ ಹೊರಟ ಜೋಳದ ಲಾರಿಯಲ್ಲಿ ಯಾರ ಹೊಲದ ಕಾಳು ಎಲ್ಲಿದೆ ಎಂದು ಬೇರ್ಪಡಿಸುವವರು ಯಾರು?

ನಮ್ಮ ತಟ್ಟೆಗೂ ಕುಲಾಂತರಿ ಬಂದಾಗಿದೆ. ದೇಶದಲ್ಲಿ ಬೆಳೆಯುವ ಹತ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬಿಟಿ ಹತ್ತಿ. ಅದರ ಬೀಜದ ಎಣ್ಣೆ ಅಡುಗೆಗೆ ಹೋಗುತ್ತದೆ, ಹತ್ತಿಕಾಳು ಹಿಂಡಿ ಹಸುವಿನ ಬಾನಿಗೆ ಬೀಳುತ್ತದೆ. ಕುಲಾಂತರಿ ಅಂಶವಿರುವ ಆಹಾರದ ಪೊಟ್ಟಣದ ಮೇಲೆ ‘ಜಿಎಂ’ ಎಂದು ಮುದ್ರಿಸಬೇಕು ಎಂಬ ನಿಯಮ 2013ರ ಜನವರಿ 1ರಿಂದಲೇ ಇದೆ. ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ: ನಿಮ್ಮೂರ ಅಂಗಡಿಯಲ್ಲಿ, ಹನೂರಿನಲ್ಲಿ, ಕೊಳ್ಳೇಗಾಲದಲ್ಲಿ ಆ ಎರಡಕ್ಷರ ಹುಡುಕಿ.

ಇನ್ನು ಎರಡನೆಯ ವಿಚಾರಕ್ಕೆ, ಹುಳುವಿನ ವಿಚಾರಕ್ಕೆ ಬರುತ್ತೇನೆ.

ಬಿಟಿ ಹತ್ತಿಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2002ರ ಮಾರ್ಚಿನಲ್ಲಿ. ಮೊದಲ ವರ್ಷಗಳಲ್ಲಿ ಕಾಯಿಕೊರಕದ ಕಾಟ ತಗ್ಗಿತು, ಸಿಂಪಡಣೆ ಇಳಿಯಿತು. ಅದನ್ನು ಕಂಡ ರೈತರು ಅದರತ್ತ ಓಡಿದ್ದರಲ್ಲಿ ಆಶ್ಚರ್ಯವಿಲ್ಲ. ಹುಳುವೇನು ಸುಮ್ಮನೆ ಕೂರಲಿಲ್ಲ. ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿಟಿ ಹತ್ತಿಗೆ ಬಗ್ಗುತ್ತಿಲ್ಲ ಎಂದು ಆ ತಂತ್ರದ ಒಡೆಯ ಮಾನ್ಸಾಂಟೊ ಕಂಪನಿಯೇ 2010ರಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಎರಡು ಜೀನಿನ ಎರಡನೆಯ ಬಿಟಿ ಬಂದಿತ್ತು; ಕೆಲವೇ ವರ್ಷಗಳಲ್ಲಿ ಹುಳು ಅದನ್ನೂ ದಾಟಿತು. 2007-08ರಲ್ಲಿ ಹೆಕ್ಟೇರಿಗೆ 550 ಕೆ.ಜಿ. ಮುಟ್ಟಿದ್ದ ದೇಶದ ಸರಾಸರಿ ಹತ್ತಿ ಇಳುವರಿ ಆಮೇಲೆ ಇಳಿಮುಖವಾಯಿತು. ಬೀಜದ ಬೆಲೆಯ ಜೊತೆಗೆ ಔಷಧಿಯ ಖರ್ಚೂ ಮತ್ತೆ ರೈತನ ಹೆಗಲಿಗೆ ಬಂತು.

ಹತ್ತಿ ಬೆಳೆದವರಿಗೆ ಒಂದು ಚಿಕ್ಕ ಪೊಟ್ಟಣ ನೆನಪಿರಬಹುದು. 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಂ ಬಿಟಿಯಲ್ಲದ ಬೀಜ ಇಟ್ಟು ಕೊಡುತ್ತಿದ್ದರು. ಅದನ್ನು ಹೊಲದ ಸುತ್ತ ಬಿತ್ತಬೇಕು, ಅಲ್ಲಿ ಹುಳು ಹಾಯಾಗಿ ಬೆಳೆಯಬೇಕು, ಹಾಗಾದರೆ ಮಾತ್ರ ಬಿಟಿಗೆ ಬಗ್ಗದ ಹುಳುಗಳ ಸಂತತಿ ಮುಂದಾಗುವುದಿಲ್ಲ ಎಂಬುದು ವಿಜ್ಞಾನಿಗಳ ಲೆಕ್ಕ. ಎರಡೆಕರೆ ನೆಲದವನು ಹುಳುವಿಗೆಂದು ಸಾಲು ಬಿಡುತ್ತಾನೆಯೇ? ಬಹಳ ಕಡೆ ಆ ಪೊಟ್ಟಣ ಬಿತ್ತಲೇ ಇಲ್ಲ. ಸಾವಿರಾರು ಎಕರೆಯ ಜಮೀನಿಗೆಂದು ರೂಪುಗೊಂಡ ತಂತ್ರವನ್ನು ತುಂಡು ಹಿಡುವಳಿಗೆ ತಂದು, ಕೆಟ್ಟ ಮೇಲೆ ರೈತನನ್ನೇ ದೂರಿದರು. ಇದು ನನಗೆ ತುಂಬ ನೋವು ಕೊಡುವ ಸಂಗತಿ.

ಹತ್ತಿ ನಮಗೇಕೆ ಎಂದು ಮುಸುಕಿನ ಜೋಳದವರು ಕೇಳಬಹುದು. 2018ರಲ್ಲಿ ಫಾಲ್ ಆರ್ಮಿವರ್ಮ್ ಎಂಬ ಸೈನಿಕ ಹುಳು ಭಾರತದಲ್ಲಿ ಮೊದಲು ಕಾಣಿಸಿದ್ದು ನಮ್ಮ ಕರ್ನಾಟಕದಲ್ಲೇ. ನೀವು ಅದನ್ನು ಲದ್ದಿ ಹುಳು ಎನ್ನುತ್ತೀರಿ. ಮೊಣಕಾಲೆತ್ತರದ ಪೈರಿನ ಸುಳಿ ಬಿಡಿಸಿದರೆ ಒಳಗೆ ಹಸಿ ಮರದ ಹೊಟ್ಟಿನಂತೆ ಲದ್ದಿ ತುಂಬಿರುತ್ತದೆ, ಅದರಡಿಯಲ್ಲಿ ಹುಳು ತಲೆ ಹುದುಗಿಸಿ ಕೂತಿರುತ್ತದೆ. ಮೇಲಿನಿಂದ ಸಿಂಪಡಿಸಿದ ಔಷಧಿ ಲದ್ದಿಯ ಮೇಲೆ ನಿಲ್ಲುತ್ತದೆ. ಅದಕ್ಕೇ ತೌಡು ಬೆಲ್ಲ ಕಲಸಿದ ವಿಷದ ಉಂಡೆಯನ್ನು ಸುಳಿಗೆ ಉದುರಿಸುವುದು, ಮರಳು ಬೂದಿ ಹಾಕುವುದು. ಇಂಥ ಕಷ್ಟದಲ್ಲಿರುವವನ ಮುಂದೆ ಬಿಟಿ ಜೋಳ ತಂದಿಟ್ಟರೆ ಬೇಡ ಎನ್ನುವುದು ಸುಲಭವಲ್ಲ, ಅದು ನನಗೆ ಗೊತ್ತು. ಆದರೆ ಇದೇ ಹುಳು ಬಿಟಿ ಜೋಳವನ್ನು ಗೆದ್ದದ್ದೂ ದಾಖಲಾಗಿದೆ. ಪೋರ್ಟೊರಿಕೊದಲ್ಲಿ 2006ರಲ್ಲೇ ಗೆದ್ದಿತು, ಆಮೇಲೆ ಬ್ರೆಜಿಲ್‌ನಲ್ಲಿಯೂ. ನಮಗೆ ತೋರಿಸುತ್ತಿರುವುದು ಬೇರೆ ಕಡೆ ಆಗಲೇ ಸೋತ ಮದ್ದು.

ಮೂರನೆಯದು ಹೊಲ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ನಮ್ಮ ಕಡೆಯ ರಾಗಿ ಹೊಲದಲ್ಲಿ ರಾಗಿ ಒಂದೇ ಇರುವುದಿಲ್ಲ. ಕೆಲವು ಸಾಲಿಗೊಂದು ಅಕ್ಕಡಿ ಸಾಲು ಹಿಡಿದು ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಹಾಕುತ್ತಾರೆ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಅವರೆ ಮಂಜಿಗೆ ಚಿಗುರಿಕೊಂಡು ಸಾರಿಗೆ ಆಗುತ್ತದೆ. ಬಿಳಿಗಿರಿರಂಗನ ಬೆಟ್ಟದ, ಮಾದಪ್ಪನ ಬೆಟ್ಟದ ಸೋಲಿಗರ ಹೊಲಗಳಲ್ಲಿಯೂ ರಾಗಿ, ಜೋಳ, ಅವರೆ, ಸಾಸಿವೆ, ಕುಂಬಳ ಒಟ್ಟಿಗೇ ಬೆಳೆಯುತ್ತವೆ. ಮಾದಪ್ಪನೇ ಮಠದಲ್ಲಿ ರಾಗಿ ಬೀಸಿದ ಕಥೆಯನ್ನು ಕಂಸಾಳೆಯವರ ಬಾಯಲ್ಲಿ ಕೇಳಿ ಬೆಳೆದ ಜನ ನಾವು. ಈ ನೆಲದ ಊಟದ ತಳಹದಿ ಇರುವುದು ಆ ಬೆರಕೆಯಲ್ಲಿ.

ಕುಲಾಂತರಿಯಲ್ಲಿ ಹುಳುವಿನ ತಂತ್ರ ಒಂದಾದರೆ ಕಳೆನಾಶಕದ ತಂತ್ರ ಇನ್ನೊಂದು. ಜಗತ್ತಿನ ಕುಲಾಂತರಿ ಬೆಳೆಗಳ ದೊಡ್ಡ ಪಾಲು ಈ ಎರಡನೆಯದು. ಕಳೆನಾಶಕ ಹೊಡೆದರೆ ಉಳಿದ ಗಿಡಗಳೆಲ್ಲ ಸುಟ್ಟು, ಜೀನು ಸೇರಿಸಿದ ಬೆಳೆ ಮಾತ್ರ ನಿಲ್ಲುತ್ತದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ರೂಪಿಸಿದ, ಡಿಎಂಎಚ್-11 ಎಂಬ ಕುಲಾಂತರಿ ಸಾಸಿವೆಯಲ್ಲೂ ಗ್ಲುಫೊಸಿನೇಟ್ ಎಂಬ ಕಳೆನಾಶಕವನ್ನು ತಾಳಿಕೊಳ್ಳುವ ಜೀನು ಇದೆ. ಅಂಥ ಬೆಳೆ ಬಂದರೆ ಅಕ್ಕಡಿ ಸಾಲು ಎಲ್ಲಿ ಹೋಗುತ್ತದೆ? ಅವರೆಯೂ ಸುಡುತ್ತದೆ, ಹುಚ್ಚೆಳ್ಳೂ ಸುಡುತ್ತದೆ.

ತಾಯಂದಿರಿಗೆ ಇನ್ನೊಂದು ಮಾತು ಹೇಳಬೇಕು. ಕಳೆನಾಶಕದ ಡಬ್ಬಿಯ ಮೇಲೆ ಕಳೆ ಎಂದು ಬರೆದದ್ದರಲ್ಲಿ ಅರ್ಧ ನಿಮ್ಮ ಮಡಿಲಿಗೆ ಬರುವ ಬೆರಕೆ ಸೊಪ್ಪು. ಅಣ್ಣೆ, ಗಣಿಕೆ, ಕೀರೆ, ಹೊನಗೊನ್ನೆ, ಪಸರೆ. ಯಾರೂ ಬಿತ್ತಿದ್ದಲ್ಲ, ಯಾರೂ ಮಾರಿದ್ದಲ್ಲ. ಕೂಲಿಗೆ ಕಳೆ ಕೀಳಲು ಹೋದವರು ಸಂಜೆ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಮಸ್ಸೊಪ್ಪು ಮಾಡಿ ಮುದ್ದೆಗೆ ಬಡಿಸುತ್ತಾರೆ. ಕಬ್ಬಿಣಾಂಶದ ಗುಳಿಗೆಯನ್ನು ಅಂಗನವಾಡಿಯಲ್ಲಿ ಹಂಚುವ ಸರ್ಕಾರ, ಹೊಲದ ಈ ಸೊಪ್ಪನ್ನು ಸುಡುವ ತಂತ್ರಕ್ಕೆ ಹೇಗೆ ಒಪ್ಪಿಗೆ ಕೊಡುತ್ತದೆ? ಕಳೆ ಕೀಳುವ ಕೆಲಸವೇ ಹೋದರೆ ಭೂಮಿ ಇಲ್ಲದ ಹೆಂಗಸರ ಕೂಲಿಯೂ ಹೋಯಿತು. ಇಳುವರಿಯ ಕೋಷ್ಟಕದಲ್ಲಿ ಸೊಪ್ಪಿಗೂ ಜಾಗವಿಲ್ಲ, ಕೂಲಿಗೂ ಜಾಗವಿಲ್ಲ.

ಬದನೆಯ ಕಥೆಯೂ ಹೊಲದ ಕಥೆಯೇ. ಬದನೆ ನಮ್ಮ ನೆಲದ ಗಿಡ. ಅದರ ಕಾಡು ನೆಂಟರು ಇಲ್ಲಿಯ ಬೇಲಿ ಬದುಗಳಲ್ಲಿ ಇನ್ನೂ ಇದ್ದಾರೆ. ಮೈಸೂರಿಗೆ ಈರನಗೆರೆ ಬದನೆ, ಉಡುಪಿಗೆ ಮಟ್ಟುಗುಳ್ಳ. ಸೋದೆ ಮಠದ ವಾದಿರಾಜರ ಹೆಸರಿನೊಂದಿಗೆ ಬೆರೆತಿರುವ ಆ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಿಟಿ ಬದನೆಯನ್ನು ಮಹಿಕೊ ಕಂಪನಿಯ ಜೊತೆ ರೂಪಿಸಿದವರಲ್ಲಿ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಇತ್ತು. ಜೀನು ಸೇರಿಸಲು ಆರಿಸಿಕೊಂಡ ತಳಿಗಳಲ್ಲಿ ಕುಡಚಿಯದು, ರಬಕವಿಯದು, ಉಡುಪಿಯದು ಎಲ್ಲ ಇದ್ದವು. 2009ರ ಅಕ್ಟೋಬರ್ 14ರಂದು ಕೇಂದ್ರದ ತಜ್ಞರ ಸಮಿತಿ ಅದಕ್ಕೆ ಹಸಿರು ನಿಶಾನೆ ತೋರಿತು. ಆಗ ಪರಿಸರ ಸಚಿವರಾಗಿದ್ದ ಜೈರಾಂ ರಮೇಶ್ ಕೂಡಲೇ ಸಹಿ ಹಾಕಲಿಲ್ಲ. ಏಳು ಊರುಗಳಲ್ಲಿ ಸಾರ್ವಜನಿಕ ಸಭೆ ಕರೆದರು. ಕೊನೆಯದು 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ರೈತರು, ವಿಜ್ಞಾನಿಗಳು, ವೈದ್ಯರು, ಗೃಹಿಣಿಯರು ಬಂದು ಜಗಳವಾಡಿದರು, ಕೂಗಾಡಿದರು, ವಾದಿಸಿದರು. ಮೂರು ದಿನಗಳ ಮೇಲೆ, ಫೆಬ್ರವರಿ 9ರಂದು, ಬಿಟಿ ಬದನೆಗೆ ತಡೆ ಬಿತ್ತು. ಆ ತಡೆ ಇನ್ನೂ ತೆರವಾಗಿಲ್ಲ.

ಆ ಗದ್ದಲವನ್ನು ಅವಮಾನ ಎಂದು ಕೆಲವು ವಿಜ್ಞಾನಿಗಳು ಬರೆದರು. ನನಗೆ ಅದು ಹೆಮ್ಮೆ. ಒಂದು ತರಕಾರಿಯ ವಿಷಯದಲ್ಲಿ ತಿನ್ನುವವರನ್ನು ಅಂದು ಕರೆದು ಕೇಳಿದರು. ನೆರೆಯ ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಯನ್ನು ಒಪ್ಪಿತು. ಅಲ್ಲಿ ಸಿಂಪಡಣೆ ಕಡಿಮೆಯಾಯಿತು ಎನ್ನುವ ಅಧ್ಯಯನಗಳೂ ಇವೆ. ಫಿಲಿಪ್ಪೀನ್ಸಿನಲ್ಲಿ 2024ರ ಏಪ್ರಿಲಿನಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಬಿಟಿ ಬದನೆಯನ್ನೂ ಚಿನ್ನದ ಅಕ್ಕಿ ಎಂಬ ಕುಲಾಂತರಿ ಭತ್ತವನ್ನೂ ತಡೆಯಿತು. ಹತ್ತಿಯಲ್ಲಿ ಮೊದಲ ವರ್ಷಗಳು ಹೇಗಿದ್ದವು, ಹತ್ತನೆಯ ವರ್ಷ ಹೇಗಿತ್ತು ಎಂದು ಕಂಡ ನಾವು ಬಾಂಗ್ಲಾದೇಶದ ಲೆಕ್ಕವನ್ನು ಇನ್ನೂ ಕಾದು ನೋಡಬೇಕು. ಇನ್ನೊಂದು ಆತಂಕವೂ ಇದೆ: ಬದನೆಯ ಹೂವಿಗೆ ಬರುವ ಜೇನ್ನೊಣ ಬೇಲಿಯಾಚೆಯ ಕಾಡುಬದನೆಗೂ ಹೋಗುತ್ತದೆ, ಜೀನೂ ಅದರ ಜೊತೆ ಹೋಗಬಹುದು. ಸುಪ್ರೀಂ ಕೋರ್ಟು ನೇಮಿಸಿದ್ದ ತಾಂತ್ರಿಕ ಪರಿಣತರ ಸಮಿತಿಯ ಬಹುಮತದ ವರದಿ, ಯಾವ ಬೆಳೆಗೆ ಭಾರತ ತವರೋ ಆ ಬೆಳೆಯಲ್ಲಿ ಕುಲಾಂತರಿ ಬೇಡ ಎಂದದ್ದು ಈ ಕಾರಣಕ್ಕೇ.

ನಾಲ್ಕನೆಯದು, ಬೀಜ ಯಾರದು ಎಂಬ ಪ್ರಶ್ನೆ.

1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ರಾಜ್ಯ ರೈತ ಸಂಘ ಸಿಂಧನೂರು ಭಾಗದಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತು. ಬೆಳೆ ಸುಡುವುದು ಸರಿಯೇ ಎಂದು ಆಗಲೂ ಚರ್ಚೆಯಾಯಿತು. ತನ್ನ ಹೊಲದಲ್ಲಿ ಬಿತ್ತಿರುವುದು ಏನು ಎಂದು ಆ ರೈತನಿಗೇ ತಿಳಿಸಿಲ್ಲ ಎಂಬುದು ಸಂಘದ ಮುಖ್ಯ ಆಕ್ಷೇಪವಾಗಿತ್ತು. ಸುಟ್ಟದ್ದು ಎಲ್ಲರಿಗೂ ನೆನಪಿದೆ, ಆಕ್ಷೇಪ ಮರೆತುಹೋಗಿದೆ. ಅದೇ ನಂಜುಂಡಸ್ವಾಮಿಯವರ ಕನಸಿನ ಅಮೃತಭೂಮಿ ಇಲ್ಲಿಂದ ದೂರವೇನಿಲ್ಲ. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಹೊಂಡರಬಾಳು ಬಳಿ ಇದೆ, ಅಲ್ಲಿ ದೇಸಿ ಬೀಜಗಳನ್ನು ಕಾಪಾಡುತ್ತಿದ್ದಾರೆ. ವಿದ್ಯಾರ್ಥಿಗಳು ಒಮ್ಮೆ ಹೋಗಿ ನೋಡಬೇಕು.

ಕುಲಾಂತರಿ ಬೀಜದ ಬೆನ್ನಿಗೆ ಪೇಟೆಂಟ್ ಇರುತ್ತದೆ. ಕೆನಡಾದ ಪರ್ಸಿ ಶ್ಮೈಸರ್ ಎಂಬ ರೈತನ ಹೊಲದಲ್ಲಿ ಮಾನ್ಸಾಂಟೊದ ಜೀನಿದ್ದ ಕನೋಲ ಗಿಡಗಳು ಸಿಕ್ಕವು. ಅವು ತಾನಾಗಿ ಬಂದವು ಎಂದು ಆತ ಹೇಳಿದ. ಅವುಗಳ ಬೀಜವನ್ನು ಉಳಿಸಿ ಬಿತ್ತಿದ್ದ. 2004ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಒಂದೇ ಮತದ ಅಂತರದಲ್ಲಿ ಕಂಪನಿಯ ಪೇಟೆಂಟನ್ನು ಎತ್ತಿಹಿಡಿಯಿತು, ಪರಿಹಾರ ಕೊಡಬೇಕಿಲ್ಲ ಎಂದಿತು. ನಮ್ಮ ದೇಶದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ರೈತನಿಗೆ ಬೀಜ ಉಳಿಸುವ, ಬಿತ್ತುವ, ಹಂಚುವ, ಬ್ರಾಂಡಿನ ಹೆಸರಿಲ್ಲದೆ ಮಾರುವ ಹಕ್ಕು ಕೊಟ್ಟಿದೆ. ಇಂಥ ಕಾಯ್ದೆ ಜಗತ್ತಿನಲ್ಲಿ ಅಪರೂಪ. ಅದನ್ನು ಸಡಿಲಿಸುವ ಯಾವ ಮಾತಿಗೂ ನಾವು ಒಪ್ಪಬಾರದು.

ಹಾಗಾದರೆ ಹೊಸ ತಳಿಯೇ ಬೇಡವೇ ಎಂದು ಕೇಳುವವರಿಗೆ ನಾನು ರಾಗಿ ಲಕ್ಷ್ಮಣಯ್ಯನವರ ಹೆಸರು ಹೇಳುತ್ತೇನೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಅವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಳುವರಿ ಎಷ್ಟೋ ಪಾಲು ಏರಿತು. ಬೆಂಕಿ ರೋಗ ತಡೆಯುವ ಜಿಪಿಯು-28 ಅದೇ ವಂಶದ್ದು. ಬೇರೆ ಜೀವಿಯ ಜೀನು ಬೇಕಾಗಲಿಲ್ಲ. ಒಬ್ಬರ ಮನೆಯಿಂದ ಇನ್ನೊಬ್ಬರು ಸೇರು ಸೇರು ಬೀಜ ಇಸಿದುಕೊಂಡು ಹೋಗಿ ಬಿತ್ತಿದರು, ಯಾರೂ ನೋಟಿಸು ಕಳುಹಿಸಲಿಲ್ಲ. ವಿಜ್ಞಾನ ಬೇಡ ಎನ್ನುವ ಮಾತೇ ಇಲ್ಲ. ಸಾರ್ವಜನಿಕ ಹಣದಲ್ಲಿ, ರೈತನ ಕೈಯಲ್ಲಿ ಉಳಿಯುವ ವಿಜ್ಞಾನ ಬೇಕು ಎಂಬುದು ನಮ್ಮ ಕೇಳಿಕೆ.

ಈಗಿನ ಸ್ಥಿತಿಯನ್ನು ಚುಟುಕಾಗಿ ಹೇಳುತ್ತೇನೆ. ಕುಲಾಂತರಿ ಸಾಸಿವೆಯ ಬಗ್ಗೆ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಭಿನ್ನ ತೀರ್ಪು ಕೊಟ್ಟಿತು. ನಮ್ಮ ಕರ್ನಾಟಕದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಕೇಂದ್ರ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದುಪಡಿಸಿದರು, ನ್ಯಾಯಮೂರ್ತಿ ಸಂಜಯ್ ಕರೋಲ್ ಎತ್ತಿಹಿಡಿದರು. ರಾಷ್ಟ್ರೀಯ ನೀತಿಯೊಂದು ಬೇಕು, ಅದಕ್ಕೆ ರೈತರನ್ನೂ ಒಳಗೊಂಡು ಎಲ್ಲರ ಅಭಿಪ್ರಾಯ ಕೇಳಬೇಕು ಎಂಬುದರಲ್ಲಿ ಇಬ್ಬರೂ ಒಂದಾದರು. ಇತ್ತ 2022ರಲ್ಲಿ, ಹೊರಗಿನ ಜೀನು ಉಳಿಯದಂತೆ ಜೀನು ತಿದ್ದಿದ ಬೆಳೆಗಳಿಗೆ ಕುಲಾಂತರಿಯ ಕಟ್ಟುನಿಟ್ಟಿನ ನಿಯಮಗಳಿಂದ ವಿನಾಯಿತಿ ಸಿಕ್ಕಿತು. 2025ರ ಮೇ ತಿಂಗಳಲ್ಲಿ ಅಂಥ ಎರಡು ಭತ್ತದ ತಳಿಗಳನ್ನು ಕೇಂದ್ರ ಪ್ರಕಟಿಸಿತು. ಬದನೆಗೆ ಸಭೆ ಕರೆದ ದೇಶ ಅನ್ನಕ್ಕೆ ಕರೆಯಲಿಲ್ಲ. ಯಳಂದೂರು, ಕೊಳ್ಳೇಗಾಲದ ಗದ್ದೆಯವರು ಇದನ್ನು ಗಮನಿಸಬೇಕು.

ಕೊನೆಯದಾಗಿ, ಮಾರ್ಟಳ್ಳಿಯಲ್ಲಿ ಕೂತು ನಾವು ಏನು ಮಾಡಬಹುದು ಎಂಬುದಕ್ಕೆ ಬರುತ್ತೇನೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಬೀಜ, ಸೊಪ್ಪು, ದನಕರುಗಳ ದಾಖಲೆ ಪುಸ್ತಕ ಬರೆದಿಡಬೇಕು. ಸ್ಥಳೀಯ ಬದನೆ ತಳಿಗಳನ್ನು ಬಿಟಿ ಬದನೆಗೆ ಬಳಸುವಾಗ ಈ ಕಾಯ್ದೆಯಂತೆ ಅನುಮತಿ ಪಡೆದಿಲ್ಲ ಎಂಬ ಆರೋಪದ ಮೇಲೆ ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ದೂರು ಕೊಟ್ಟಿತು. 2012ರಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಲಾಯಿತು. ಊರಿನ ತಳಿ ಊರಿನದು ಎಂದು ಕೋರ್ಟಿನಲ್ಲಿ ನಿಂತು ಹೇಳಲು ದಾಖಲೆ ಬೇಕು.

ಹಾಗಾಗಿ ವಿದ್ಯಾರ್ಥಿಗಳು ಈ ರಜೆಯಲ್ಲಿ ಪಂಚಾಯಿತಿ ಕಚೇರಿಗೆ ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಬೇಕು. ಬರೆದಿದ್ದರೆ ಓದಿ, ಬಿಟ್ಟುಹೋದದ್ದನ್ನು ಸೇರಿಸಿ. ಅಜ್ಜಿಯರು ಸಗಣಿಯಲ್ಲಿ ಒತ್ತಿ ಗೋಡೆಗೆ ಅಂಟಿಸಿರುವ ಕುಂಬಳ, ಸೋರೆಯ ಬೀಜ ಯಾವ ತಳಿಯದು, ಬೂದಿ ಬೆರೆಸಿಟ್ಟ ಅವರೆಯಲ್ಲಿ ಎಷ್ಟು ಬಗೆ ಇದೆ, ಬೆರಕೆ ಸೊಪ್ಪಿಗೆ ಸೇರುವ ಸೊಪ್ಪುಗಳ ಹೆಸರೇನು, ಅವಕ್ಕೆ ಸೋಲಿಗರ ಪೋಡಿನಲ್ಲಿ ಏನನ್ನುತ್ತಾರೆ, ತಮಿಳಿನಲ್ಲಿ ಏನನ್ನುತ್ತಾರೆ ಎಲ್ಲವನ್ನೂ ಕೇಳಿ ಬರೆಯಿರಿ. ಬೀಜ ಇಟ್ಟವರ ಹೆಸರನ್ನೂ ಬರೆಯಿರಿ. ಗ್ರಾಮಸಭೆಯಲ್ಲಿ ಅದನ್ನು ಓದಿಸಿ, ಠರಾವು ಮಾಡಿಸಿ, ಒಂದು ಪ್ರತಿಯನ್ನು ಬೆಂಗಳೂರಿನ ಜೀವವೈವಿಧ್ಯ ಮಂಡಳಿಗೆ ಕಳುಹಿಸಿ.

ಪ್ರಶ್ನೆಗಳಿದ್ದರೆ ಕೇಳಿ; ಮೊದಲು ಹಿಂದಿನ ಸಾಲಿನಲ್ಲಿ ಕೂತಿರುವ ತಾಯಂದಿರು ಕೇಳಲಿ.